ಒಣಹಳ್ಳದಲ್ಲಿ ಬಿಟ್ಟ ಚಪ್ಪಲಿಗಳು

ಊರಿಗೆ ಬಂದು ಮೂರು ವಾರವಾಯಿತು. ಈಗಲೂ ನಮ್ಮ ಬೀದಿಯ ಎಣ್ಣೆ ಮಿಲ್ಲಿನಲ್ಲಿ ಶೇಂಗಾಕಾಯಿಯ ಚೀಲ ಬಿಚ್ಚಿ ಸುರಿದರೆ ನಾನು ಕುಳಿತಲ್ಲಿಂದ ಎದ್ದು ನಿಲ್ಲುತ್ತೇನೆ. ಗೋಡೆಯ ಮೇಲೆ ಕೈ ಹೋಗುತ್ತದೆ. ಹತ್ತಲು ಎಲ್ಲಿ ಹಿಡಿತವಿದೆ ಎಂದು ಬೆರಳು ತಡಕಾಡುತ್ತದೆ. ಮನೆಯವರು ನೋಡಿದರೆ ಕ್ಯಾಲೆಂಡರ್ ಸರಿಮಾಡುವವಳಂತೆ ನಟಿಸುತ್ತೇನೆ.

ಆ ಸದ್ದನ್ನು ಮೊದಲು ಕೇಳಿದಾಗಲೂ ನನಗೆ ನೆನಪಾದದ್ದು ಈ ಮಿಲ್ಲೇ. ಚಳ್ಳಕೆರೆಯಲ್ಲಿ ಹುಟ್ಟಿ ಬೆಳೆದವಳಿಗೆ ಬೇರೇನು ನೆನಪಾದೀತು? ಎಲ್ಲೋ ದೂರದಲ್ಲಿ ಕಾಯಿ ಸುರಿಯುತ್ತಿದ್ದಾರೆ ಅಂದುಕೊಂಡೆ. ಹಾಗೆ ಅಂದುಕೊಳ್ಳುತ್ತ ನಿಂತದ್ದು ಎಷ್ಟು ಹೊತ್ತು, ಮೂರು ಉಸಿರೋ ನಾಲ್ಕೋ, ಅದನ್ನು ದಿನಕ್ಕೆ ಹತ್ತು ಸಲ ಎಣಿಸುತ್ತೇನೆ.

“ಜೋರ್ಡಾನ್ ಹೆಂಗಿತ್ತು ಟೀಚರ್?” ಎಂದು ಶಾಲೆಯಲ್ಲಿ, ತರಕಾರಿ ಅಂಗಡಿಯಲ್ಲಿ, ಆಟೋದಲ್ಲಿ ಕೇಳುತ್ತಾರೆ. “ಚೆನ್ನಾಗಿತ್ತು” ಎನ್ನುತ್ತೇನೆ. ಹೇಳದೆ ಉಳಿಸಿಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಚಳ್ಳಕೆರೆ ಬಸ್ ನಿಲ್ದಾಣ

ನಾವು ಎಂಟು ಜನ. ನಮ್ಮ ಪುಟ್ಟ ಸಭೆಯ ಪಾಸ್ಟರಯ್ಯ, ಅವರ ಹೆಂಡತಿ, ಸಭೆಯ ಮೂವರು ಅಕ್ಕತಂಗಿಯರು, ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದು ನಿವೃತ್ತರಾದ ಸಮುವೇಲಪ್ಪ, ಬಿ.ಜಿ. ಕೆರೆಯ ಪಾಲಮ್ಮ ಮತ್ತು ನಾನು. ಸಮುವೇಲಪ್ಪನಿಗೆ ತಲೆ ಎಣಿಸುವ ಚಟ ಹೋಗಿರಲಿಲ್ಲ. ಎಲ್ಲಿ ಹತ್ತಿದರೂ ಎಲ್ಲಿ ಇಳಿದರೂ ಬೆರಳು ಆಡಿಸಿ, “ಎಂಟು. ರೈಟ್!” ಎನ್ನುತ್ತಿದ್ದರು. ವಿಮಾನದೊಳಗೂ ಹಾಗೇ ಅಂದಾಗ ಗಗನಸಖಿ ಬೆಚ್ಚಿ ತಿರುಗಿ ನೋಡಿದಳು.

ಪಾಲಮ್ಮನನ್ನು ಸಭೆಯವರೆಲ್ಲ ಸೇರಿ ಕರೆದುಕೊಂಡು ಹೊರಟಿದ್ದರು. ಅರವತ್ತು ದಾಟಿದ ಹೆಂಗಸು. ಬದುಕೆಲ್ಲ ಹೊಲದ ಕೂಲಿ. ಐವತ್ತರ ಆಸುಪಾಸಿನಲ್ಲಿ ದೀಕ್ಷಾಸ್ನಾನ ಪಡೆದಳು. ಹೆಸರು ಬದಲಿಸಲಿಲ್ಲ. “ಕರ್ದೋನಿಗೆ ನನ್ ಹೆಸ್ರು ಗೊತ್ತಿಲ್ದೇ ಕರ್ದಾನೇನು?” ಎಂದು ಪಾಸ್ಟರಯ್ಯನನ್ನೇ ಕೇಳಿದ್ದಳಂತೆ. ಪ್ರತಿ ಶನಿವಾರ ಬಸ್ಸಿನಲ್ಲಿ ಬಂದು ಪ್ರಾರ್ಥನಾಲಯ ಗುಡಿಸಿ, ಭಾನುವಾರದ ಆರಾಧನೆ ಮುಗಿಸಿಕೊಂಡು ಊರಿಗೆ ಹೋಗುತ್ತಾಳೆ.

ನಾನು ಎಂ.ಎ. ಓದಿದವಳು, ಹೈಸ್ಕೂಲು ಟೀಚರು. ಅದಕ್ಕೇ ಸಭೆಯಲ್ಲಿ ಶಿಷ್ಯತ್ವದ ತರಗತಿ ನನ್ನ ಪಾಲಿಗೆ ಬಂದಿತ್ತು. ಹನ್ನೆರಡು ಪಾಠ, ನೀಲಿ ರಟ್ಟಿನ ನೋಟ್‌ಬುಕ್ಕು. ಮೊದಲ ಪಾಠದಲ್ಲೇ ವ್ಯಾಖ್ಯೆ ಬರೆಸಿದ್ದೆ: ಗುರುವಿನ ಮಾತು ಕಲಿತು, ಅದರಂತೆ ನಡೆದು, ಇತರರಿಗೂ ಕಲಿಸುವವನು ಶಿಷ್ಯ.

ಪಾಲಮ್ಮ ಗೋಡೆಗೆ ಒರಗಿ ಕುಳಿತಿದ್ದವಳು, “ಹಂಗಂದ್ರೆ ಇದು ಓದ್ದೋರಿಗೆ ಮಾತ್ರಾನಾ ಟೀಚರಮ್ಮ?” ಅಂದಳು.

“ಹಂಗಲ್ಲ ಪಾಲಕ್ಕ. ಹಿಂಬಾಲಿಸೋದು ಮುಖ್ಯ.”

“ಹಿಂದೆ ಹೋಗೋದಾ? ಅದಾದ್ರೆ ನಂಗ್ ಬರ್ತೈತೆ. ನೇಗಿಲ ಹಿಂದೆ ಶೇಂಗಾ ಬೀಜ ಬಿಟ್ಕೊಂಡು ಎಷ್ಟ್ ವರ್ಷ ಹೋಗೀನಿ. ಮುಂದಿರೋನ ಮಾರಿ ನೋಡ್ತೀವೇನು? ಹಿಮ್ಮಡ ನೋಡ್ಕೊಂಡ್ ಹೋಗ್ತೀವಿ.”

ಎಲ್ಲರೂ ನಕ್ಕರು. ನಾನೂ ನಕ್ಕೆ. ಹಾಜರಿ ಪುಟದಲ್ಲಿ ಅವಳ ಹೆಸರಿನ ಮುಂದೆ ‘ಪಾಠ ಬಂದಿಲ್ಲ’ ಎಂದು ಪೆನ್ಸಿಲಿನಲ್ಲಿ ಬರೆದುಕೊಂಡೆ.

ಯೊರ್ದನ್ ಹೊಳೆ

ನಮ್ಮ ಬೈಬಲಿನ ಯೊರ್ದನ್ ಹೊಳೆಯನ್ನು ನೋಡಿದ ದಿನ ಎಲ್ಲರ ಮುಖವೂ ಸಪ್ಪಗಾಯಿತು. ಮಣ್ಣುಬಣ್ಣದ ನೀರು, ಎರಡೂ ಕಡೆ ಜೊಂಡು, ಆಚೆ ದಡದಲ್ಲಿ ಕೆಮ್ಮಿದರೆ ಈಚೆಗೆ ಕೇಳುವಷ್ಟೇ ಅಗಲ.

“ಇಷ್ಟೇನಾ?” ಎಂದಳು ಪಾಲಮ್ಮ. “ನಮ್ ಹಳ್ಳಾನೇ ಇದ್ರ ನಾಕರಷ್ಟು ಅಗ್ಲ ಐತೆ.”

“ನಿಮ್ ಹಳ್ಳದಾಗೆ ನೀರಿಲ್ಲಲ್ಲಮ್ಮ” ಎಂದರು ಸಮುವೇಲಪ್ಪ.

“ಬಂದಾಗ ಬರ್ತೈತೆ ಬಿಡಪ್ಪ. ಅದ್ಕೆ ಟೈಮ್ ಟೇಬಲ್ ಐತೇನು ನಿನ್ ಬಸ್ಸಿನಂಗೆ?”

ಅವಳು ಮೆಟ್ಟಿಲಿಳಿದು, ಚಪ್ಪಲಿ ಬಿಟ್ಟು, ನೀರನ್ನು ಕಣ್ಣಿಗೊತ್ತಿಕೊಂಡಳು. ನಾವೂ ಹಾಗೇ ಮಾಡಿದೆವು. ಪಕ್ಕದಲ್ಲಿ ಬೇರೆ ದೇಶದವರು ಬೂಟು ಹಾಕಿಕೊಂಡೇ ಮೆಟ್ಟಿಲ ಮೇಲೆ ಕುಳಿತು ಹಾಡುತ್ತಿದ್ದರು. ನೀರಿನ ಮುಂದೆ ಚಪ್ಪಲಿ ಬಿಡುವುದು ನಮಗೆ ಯಾರೂ ಕಲಿಸಿದ್ದಲ್ಲ, ಆದರೂ ಎಂಟೂ ಜನ ಬಿಟ್ಟೆವಲ್ಲ ಎಂದು ಆಗ ಖುಷಿಯಾಗಿತ್ತು.

ಕರಿ ಗುಡಾರ

ಅಲ್ಲಿಂದ ದಕ್ಷಿಣಕ್ಕೆ ಬಂದೆವು. ಬೋಳು ಬೆಟ್ಟ, ಕುರುಚಲು, ಬಂಡೆ. ನಮ್ಮ ಕಡೆಯ ಬ್ರಹ್ಮಗಿರಿಯ ಬಂಡೆಗಳನ್ನು ಹತ್ತು ಪಟ್ಟು ಎತ್ತರಿಸಿ ಕೆಂಪು ಬಳಿದಂತಿದ್ದವು. ನಮ್ಮನ್ನು ಕೊಳ್ಳಕ್ಕೆ ಕರೆದೊಯ್ಯಬೇಕಾದವನು ಸಾಲಿಮ್, ಆ ಬೆಟ್ಟಗಳಲ್ಲೇ ಆಡು ಕಾಯ್ದು ಬೆಳೆದ ಮೂವತ್ತರ ಗಂಡಸು. ಅವನಿಗೆ ಅಲ್ಪಸ್ವಲ್ಪ ಇಂಗ್ಲಿಷು ಬರುತ್ತಿತ್ತು.

ಅವನ ಮನೆಯವರು ಆಡಿನ ಕೂದಲಲ್ಲಿ ನೇಯ್ದ ಕರಿ ಗುಡಾರದಲ್ಲಿ ಕೂರಿಸಿ, ಬೆರಳಗಲದ ಬಟ್ಟಲಲ್ಲಿ ಏಲಕ್ಕಿ ಹಾಕಿದ ಕಹಿ ಕಾಫಿ ಕೊಟ್ಟರು. ಕುಡಿದಿಟ್ಟರೆ ಮತ್ತೆ ತುಂಬುತ್ತಾರೆ. ಬೇಡ ಅನ್ನುವುದು ಹೇಗೆಂದು ತಿಳಿಯದೆ ಪಾಸ್ಟರಯ್ಯ ಏಳು ಬಟ್ಟಲು ಕುಡಿದರು. ಬಟ್ಟಲನ್ನು ಬೆರಳಲ್ಲಿ ಹಿಡಿದು ಅಲ್ಲಾಡಿಸಿದರೆ ‘ಸಾಕು’ ಎಂದರ್ಥವಂತೆ. ಅದನ್ನು ಕಂಡುಹಿಡಿದವಳು ಪಾಲಮ್ಮ. ಬಾಯಿ ನೋಡುವ ಬದಲು ಎದುರಿಗೆ ಕುಳಿತ ಮುದುಕನ ಕೈಯನ್ನೇ ನೋಡುತ್ತಿದ್ದಳು.

ಕೊಳ್ಳದೊಳಗೆ ಒಂದು ಗಂಟೆ ನಡೆದರೆ ನೀರಿನ ಊಟೆ ಇದೆ, ಖರ್ಜೂರದ ಮರಗಳಿವೆ ಎಂದ ಸಾಲಿಮ್. ಹನ್ನೆರಡನೆಯ ಪಾಠವನ್ನು ಅಲ್ಲೇ ಮಾಡೋಣ ಎಂದರು ಪಾಸ್ಟರಯ್ಯ. ಬಲೆ ದೋಣಿಗಳನ್ನು ಬಿಟ್ಟು ಹೊರಟ ಬೆಸ್ತರ ಪಾಠ ಅದು. ತನ್ನನ್ನು ತಾನು ನಿರಾಕರಿಸಿಕೊಳ್ಳುವುದು ಎಂದರೇನು ಎಂದು ಐದು ಅಂಶ ಮಾಡಿಟ್ಟಿದ್ದೆ. ನೋಟ್‌ಬುಕ್ಕನ್ನು ಹೆಗಲ ಚೀಲಕ್ಕೆ ಹಾಕಿಕೊಂಡೆ.

ಸಾಲಿಮ್ ಹೊರಡುವ ಮುಂಚೆ ಆಕಾಶ ನೋಡಿದ. ತಲೆಯ ಮೇಲೆ ಶುಭ್ರ ನೀಲಿ. ಪೂರ್ವದ ಬೆಟ್ಟದ ಹಿಂದೆ, ತುಂಬ ದೂರದಲ್ಲಿ, ಒಲೆಯ ಮಸಿ ಒರೆಸಿದಷ್ಟು ಕಪ್ಪು. ಅವನು ಒಂದು ಕ್ಷಣ ನಿಂತ. ನಾವು ಹುರುಪಿನಲ್ಲಿದ್ದೆವು. “ಎಂಟು. ರೈಟ್!” ಎಂದರು ಸಮುವೇಲಪ್ಪ. ಹೊರಟೆವು.

ಕೊಳ್ಳ

ಎರಡೂ ಕಡೆ ಗೋಡೆಯಂಥ ಬಂಡೆ. ನಡುವೆ ಒಣ ಮರಳು, ಉರುಟು ಕಲ್ಲು, ಅಲ್ಲಲ್ಲಿ ನಮ್ಮ ಕಣಗಿಲೆ ಪೊದೆ. ಕೆಲವು ಕಡೆ ಎರಡು ಎತ್ತಿನ ಗಾಡಿ ಹೋಗುವಷ್ಟು ಅಗಲ, ಕೆಲವು ಕಡೆ ಒಂದೇ. ಕಣಗಿಲೆ ನೋಡಿ ಪಾಲಮ್ಮ, “ಇದು ಇಲ್ಲೂ ಐತಾ!” ಎಂದು ನೆಂಟರನ್ನು ಕಂಡವಳಂತೆ ಎಲೆ ಸವರಿದಳು.

ವರ್ಷವಿಡೀ ನೀರು ಹರಿಯುವ ಸೀಮೆಯವರಿಗೆ ಮುಂದಿನದು ವಿಚಿತ್ರವಾಗಿ ಕಾಣಬಹುದು. ನಮ್ಮ ಕಡೆಯ ಹಳ್ಳ ಎರಡು ವರ್ಷ, ಮೂರು ವರ್ಷ ಒಣಗಿ ಬಿದ್ದಿರುತ್ತದೆ. ಎಲ್ಲೋ ಮಳೆಯಾಗಿ ಒಂದು ದಿನ ನೀರು ಬರುತ್ತದೆ. ಮೊದಲು ಬರುವುದು ನೊರೆ, ಕಸಕಡ್ಡಿ, ಆಡಿನ ಹಿಕ್ಕೆ. ಬಯಲು ಸೀಮೆಯ ಅಗಲವಾದ ಮರಳಿನಲ್ಲಿ ಅದು ತೆವಳಿಕೊಂಡು ಬರುತ್ತದೆ. ಅದರ ಪಕ್ಕದಲ್ಲಿ ನಡೆದುಕೊಂಡು ಹೋಗಬಹುದು. ಊರೇ ಓಡಿಹೋಗಿ, ಚಪ್ಪಲಿ ಬಿಟ್ಟು, ಆ ಮೊದಲ ನೀರನ್ನು ಮುಟ್ಟುತ್ತದೆ. ನಾವು ಕಾಯಿ ಒಡೆಯುವುದಿಲ್ಲ, ಅರಿಶಿನ ಹಾಕುವುದಿಲ್ಲ. ಆದರೆ ಚಪ್ಪಲಿ ಬಿಡುತ್ತೇವೆ. “ಇದು ಪೂಜೆಯಲ್ಲ, ಮರ್ಯಾದೆ” ಎಂದು ಪಾಸ್ಟರಯ್ಯನೇ ಒಮ್ಮೆ ಹೇಳಿದ್ದರು.

ತಿರುವಿನಾಚೆಯಿಂದ ಮರಳಿನ ಮೇಲೆ ನೊರೆಯ ಒಂದು ನಾಲಗೆ ಬಂತು. ಕಸ, ಕಡ್ಡಿ, ಹಿಕ್ಕೆ. ಥೇಟು ನಮ್ಮೂರಿನದೇ.

“ಬಂತು ಕಣ್ರವ್ವಾ! ಹಳ್ಳ ಬಂತು!” ಎಂದು ಪಾಲಮ್ಮ ಕೂಗಿದಳು.

ನಾವು ಎಂಟೂ ಜನ ಬಗ್ಗಿ ಚಪ್ಪಲಿ ಬಿಚ್ಚತೊಡಗಿದೆವು. ಓಡಬೇಕಾದ ಹೊತ್ತಿನಲ್ಲಿ ಬಗ್ಗಿದ್ದೆವು. ಸಮುವೇಲಪ್ಪ ಕ್ಯಾನ್ವಾಸ್ ಶೂಗಳ ಲೇಸನ್ನು ಒಂದೊಂದಾಗಿ ಬಿಚ್ಚುತ್ತಿದ್ದರು. ಅಕ್ಕತಂಗಿಯರು ನೀರಿನ ಕಡೆಗೇ ನಾಲ್ಕು ಹೆಜ್ಜೆ ಓಡಿದರು. ನಾನು ಫೋನು ತೆಗೆದೆ.

ಮುಂದಿದ್ದ ಸಾಲಿಮ್ ತಿರುಗಿ ನಮ್ಮನ್ನು ನೋಡಿದ. ಸಾಲಾಗಿ ಚಪ್ಪಲಿ ಬಿಡುತ್ತಿದ್ದ ಎಂಟು ಜನರನ್ನು ಕಂಡ ಅವನ ಮುಖ ನನಗೆ ಮರೆಯುವುದಿಲ್ಲ. “ಅಪ್! ಅಪ್!” ಎಂದು ಕಿರುಚಿದ. ನೀರಿನ ಹತ್ತಿರದಿಂದ ಏಳಿ, ಕೊಳೆಮಾಡಬೇಡಿ ಅನ್ನುತ್ತಿದ್ದಾನೆ ಎಂದುಕೊಂಡೆವು. ಪಾಸ್ಟರಯ್ಯ ಕೈಮುಗಿದು ಕನ್ನಡದಲ್ಲೇ, “ಒಂದ್ನಿಮಿಷ ಕಣಪ್ಪ” ಅಂದರು.

ಆಗ ಆ ಸದ್ದು. ದೂರದಲ್ಲಿ ಯಾರೋ ಕಾಯಿ ಸುರಿದಂತೆ.

ಸಾಲಿಮ್ ಓಡಿ ಬಂದು ಅಕ್ಕತಂಗಿಯರನ್ನು, ಪಾಸ್ಟರಯ್ಯನ ಹೆಂಡತಿಯನ್ನು ಬೆನ್ನಿಗೆ ಗುದ್ದಿಯೇ ಬಂಡೆಯ ಕಡೆ ತಳ್ಳಿದ. ಎರಡಾಳೆತ್ತರದಲ್ಲಿ ಒಂದು ಜಗುಲಿಯಂಥ ಚಾಚು ಇತ್ತು. ಅವರೆಲ್ಲ, ಹಿಂದೆಯೇ ಪಾಸ್ಟರಯ್ಯ ಮತ್ತು ಸಮುವೇಲಪ್ಪ, ಹತ್ತು ಹೆಜ್ಜೆ ಆಚೆ, ಬಂಡೆ ಇಳಿಜಾರಾಗಿದ್ದ ಕಡೆ ಹತ್ತಿದರು. ಅವನೂ ಅಲ್ಲಿಂದಲೇ ಮೇಲೇರಿ ಜಗುಲಿಯ ಮೇಲೆ ನನ್ನ ಕಡೆಗೆ ಓಡಿ ಬಂದ. ನಾನು ನಿಂತಿದ್ದ ಕಡೆ ಬಂಡೆ ನೆಟ್ಟಗಿತ್ತು. ಅಷ್ಟು ದೂರ ಹೋಗುವ ಧೈರ್ಯ ನನಗಿರಲಿಲ್ಲ. ಅಲ್ಲೇ ಹತ್ತಿದೆ.

ಬರಿಗಾಲು, ನುಣುಪು ಕಲ್ಲು. ಎರಡು ಕೈಯಲ್ಲಿ ಅಂಚು ಹಿಡಿದು ನೇತಾಡುತ್ತಿದ್ದೆ. ಬಲಗಾಲಿಗೆ ಆಸರೆಯಿಲ್ಲ. ಆಗ ಕೆಳಗಿನಿಂದ ಒಂದು ಕೈ ಬಂದು ನನ್ನ ಹಿಮ್ಮಡಿಯನ್ನು ಹಿಡಿಯಿತು. ಒರಟು ಕೈ. “ಟೀಚರಮ್ಮಾ, ಟೀಚರಮ್ಮಾ” ಎಂದದ್ದು ಕೇಳಿತು. ಮುಂದಿನ ಮಾತು ನೀರಿನ ಸದ್ದಿನಲ್ಲಿ ಮುಚ್ಚಿಹೋಯಿತು.

ಯಾರೆಂದು ನನಗೆ ಗೊತ್ತಿತ್ತು. ನನ್ನನ್ನು ಹಿಡಿದು ಜೋತುಬಿದ್ದರೆ ಇಬ್ಬರೂ ಹೋಗುತ್ತೇವೆ ಎಂದೂ ಅನ್ನಿಸಿತು. ಒಮ್ಮೆ ಒದ್ದೆ. ಕೈ ಬಿಡಲಿಲ್ಲ. ಇನ್ನೊಮ್ಮೆ ಒದ್ದೆ.

ಬಿಟ್ಟಿತು.

ಸಾಲಿಮ್ ನನ್ನ ಮಣಿಕಟ್ಟು ಹಿಡಿದು ಮೇಲೆಳೆದುಕೊಂಡ. ಅದೇ ಕ್ಷಣ ಕೆಳಗೆ ಕೆಂಪು ನೀರು ಗೋಡೆಯಿಂದ ಗೋಡೆಗೆ ತುಂಬಿ ಹೋಯಿತು. ನಮ್ಮ ಚಪ್ಪಲಿಗಳ ಸಾಲು ಒಂದೇ ಏಟಿಗೆ ಕಾಣದಾಯಿತು.

ಜಗುಲಿಯ ಮೇಲೆ

ಸಮುವೇಲಪ್ಪ ಬೆರಳಾಡಿಸಿದರು. “ಏಳು” ಎಂದರು. ತಮ್ಮನ್ನು ಬಿಟ್ಟಿರಬೇಕೆಂದು ಎದೆ ಮುಟ್ಟಿಕೊಂಡು ಮತ್ತೆ ಎಣಿಸಿದರು. “ಏಳು.” ಅವರ ದನಿ ಕೀರಲಾಯಿತು. “ಲೇ ಸಾಲಿಮಾ, ಏಳೇ ಐತಲ್ಲೋ! ಪಾಲಮ್ಮ ಎಲ್ಲಿ? ಪಾಲಮ್ಮಾ!”

ಕೆಳಗೆ ಹತ್ತು ಮಾರು ದೂರದಲ್ಲಿ ಒಂದು ಕಣಗಿಲೆ ಪೊದೆ ಅರ್ಧ ಮುಳುಗಿ ತುಯ್ದಾಡುತ್ತಿತ್ತು. ಅದರಲ್ಲಿ ಪಾಲಮ್ಮನ ನೀಲಿ ಸೆರಗು. ಸೆರಗಿನ ಪಕ್ಕದಲ್ಲಿ ತಲೆ. ತಲೆ ಅಲ್ಲಾಡುತ್ತಿತ್ತು. “ದೇವುಡಾ! ದೇವುಡಾ!” ಎಂದು ಅವಳು ತನ್ನ ಅವ್ವನ ತೆಲುಗಿನಲ್ಲಿ ದೇವರನ್ನು ಕೂಗುವುದು ತುಣುಕು ತುಣುಕಾಗಿ ಕೇಳಿತು.

ಸಾಲಿಮ್ ತನ್ನ ಚೀಲದಿಂದ ಹಗ್ಗ ತೆಗೆದು ಸೊಂಟಕ್ಕೆ ಕಟ್ಟಿಕೊಂಡ. ಇನ್ನೊಂದು ತುದಿಯನ್ನು ಪಾಸ್ಟರಯ್ಯ, ಸಮುವೇಲಪ್ಪ, ಅಕ್ಕತಂಗಿಯರು ಹಿಡಿದರು. ನೀರು ಸ್ವಲ್ಪ ಇಳಿಯಲಿ ಎಂದು ಅವನು ಕೈ ಎತ್ತಿ ಕಾಯುತ್ತಿದ್ದ. ಅವಳು ಅವನಿಗೆ ಯಾರೂ ಅಲ್ಲ. ಆ ಬೆಳಿಗ್ಗೆ ಅವನ ಗುಡಾರದಲ್ಲಿ ಕಾಫಿ ಕುಡಿದವಳು, ಅಷ್ಟೇ.

ನಾನು ಹಗ್ಗ ಹಿಡಿಯಲಿಲ್ಲ. ಚೀಲ ಅಪ್ಪಿಕೊಂಡು ಕುಳಿತಿದ್ದೆ. ಚೀಲ ಒದ್ದೆಯಾಗಿರಲಿಲ್ಲ. ಒಳಗೆ ಹನ್ನೆರಡೂ ಪಾಠಗಳು ಒಣಗಿ ಬೆಚ್ಚಗಿದ್ದವು.

ಪೇತ್ರ ನೀರಿನಲ್ಲಿ ಮುಳುಗುವಾಗ ಯೇಸು ಕೈಚಾಚಿದ ಕಥೆಯನ್ನು ಎಷ್ಟು ಸಲ ಪಾಠ ಮಾಡಿದ್ದೇನೆ. ಪೇತ್ರ ಹೆದರಿದ್ದು ಅವಿಶ್ವಾಸ ಎಂದು ಸಲೀಸಾಗಿ ಹೇಳಿಬಿಡುತ್ತಿದ್ದೆ. ಅಲ್ಲಿ ಕುಳಿತಾಗ ನನಗೆ ಎರಡು ಹೆದರಿಕೆಗಳಿದ್ದವು. ಪಾಲಮ್ಮ ಸತ್ತರೆ ಎಂಬುದೊಂದು. ಬದುಕಿ ಬಂದು ನಡೆದದ್ದನ್ನು ಎಲ್ಲರ ಮುಂದೆ ಹೇಳಿದರೆ ಎಂಬುದು ಇನ್ನೊಂದು. ಆ ಎರಡನೆಯದು ಎದೆಯಲ್ಲಿ ಎದ್ದ ಕ್ಷಣವನ್ನು ನೆನೆದಾಗ, ನೀರಿಗಿಂತ ಹೆಚ್ಚು ನನ್ನನ್ನು ಕಂಡೇ ಭಯವಾಗುತ್ತದೆ.

ಸಾಲಿಮ್ ಇಳಿದ. ಎರಡು ಸಲ ಮುಳುಗಿದ. ಮೂರನೆಯ ಸಲ ಕಣಗಿಲೆಯ ಬುಡ ಹಿಡಿದ. ಅವಳನ್ನು ಬೆನ್ನಿಗೆ ಕಟ್ಟಿಕೊಂಡು ಮೇಲೆ ಬಂದಾಗ ಅವಳ ಎಡಗೈ ಮೊಳಕೈ ಕೆಳಗೆ ಬೇರೆಯೇ ದಿಕ್ಕಿಗೆ ತಿರುಗಿತ್ತು. ಕಣ್ಣು ಬಿಟ್ಟಿದ್ದಳು.

ಸಮುವೇಲಪ್ಪ ಅವಳ ತಲೆ ಮುಟ್ಟಿ “ಎಂಟು” ಎಂದರು. ‘ರೈಟ್’ ಎನ್ನಲು ಆಗಲಿಲ್ಲ. ಕುಸಿದು ಅತ್ತರು.

ಆಸ್ಪತ್ರೆ

ಆಸ್ಪತ್ರೆಯಲ್ಲಿ ನರ್ಸೊಬ್ಬಳು ಪಾಲಮ್ಮನ ಮೈಯ ಕೆಸರು ತೊಳೆಯುತ್ತ ‘ಸಾಬೂನ್’ ಎಂದು ಇನ್ನೊಬ್ಬಳನ್ನು ಕೂಗಿದಳು. ನೋವಿನಲ್ಲೂ ಪಾಲಮ್ಮನ ಮುಖ ಅರಳಿತು. “ಟೀಚರಮ್ಮ, ಇವ್ರೂ ಸಾಬೂನು ಅಂತಾರೆ ಕಣೆ! ಚಳ್ಳಕೆರೆ ಸಂತ್ಯಾಗೆ ಸಾಬ್ರು ಅಂದಂಗೇ ಐತೆ.”

ಅವಳು ನನ್ನನ್ನು ಎಂದಿನಂತೆ ಕರೆದದ್ದೇ ನನಗೆ ತಡೆಯಲಾಗದಾಯಿತು. ಗೊತ್ತಾಗಿಲ್ಲವೇ? ಗೊತ್ತಿದ್ದೂ ಸುಮ್ಮನಿದ್ದಾಳೆಯೇ? ವಿಮಾನದಲ್ಲಿ ಅವಳಿಂದ ಆರು ಸಾಲು ಹಿಂದೆ ಕುಳಿತೆ.

ಊರಿಗೆ ಬಂದ ಭಾನುವಾರ ಎಲ್ಲರೂ ಸಾಕ್ಷಿ ಹೇಳಿದರು. ದೇವರು ಕಾಪಾಡಿದ ಎಂದರು. ಸಾಲಿಮನಿಗಾಗಿ ಪ್ರಾರ್ಥಿಸಿದರು. ನನ್ನ ಸರದಿ ಬಂದಾಗ ತಲೆನೋವೆಂದು ಹೊರಗೆ ಬಂದೆ. ಮುಂದಿನ ಎರಡು ಭಾನುವಾರ ತರಗತಿ ನಡೆಸಲಿಲ್ಲ. ಪ್ರಾರ್ಥನಾಲಯದ ನೆಲ ಧೂಳು ಹಿಡಿದಿತ್ತು. ಗುಡಿಸುವವಳು ಬಂದಿರಲಿಲ್ಲ.

ಬಿ.ಜಿ. ಕೆರೆ

ಮೊನ್ನೆ ಖಾಸಗಿ ಬಸ್ಸು ಹತ್ತಿ ಹೋದೆ. ಪಾಲಮ್ಮ ಮನೆಯ ಮುಂದೆ ನಿಂತು, ಪ್ಲಾಸ್ಟರು ಹಾಕಿದ ಕೈಯನ್ನು ಕೊರಳಿಗೆ ತೂಗಿಕೊಂಡು, ಯಾರನ್ನೋ ಬೈಯುತ್ತಿದ್ದಳು.

“ಬಾ, ಸರ್ಯಾದ್ ಹೊತ್ತಿಗ್ ಬಂದಿ. ಹಳ್ಳದಾಚೆ ಮೇಕೆ ಕಟ್ಟಿ ಬಂದೀನಿ, ಹಿಡ್ಕೊಂಡ್ ಬರಾನ ನಡಿ.”

ಹಳ್ಳ ಎಂದ ಕೂಡಲೇ ನಾನು ಆಕಾಶ ನೋಡಿದೆ. ಆಂಧ್ರದ ಕಡೆ ಹಿಂಗಾರಿನ ಮೋಡ ಕಟ್ಟಿತ್ತು.

“ಪಾಲಕ್ಕ, ಮಳೆ ಬಂದ್ರೆ?”

“ಬಂದ್ರೆ ಬರ್ಲಿ. ಇದು ನಮ್ ಹಳ್ಳ. ನನ್ ಹೆಜ್ಜಿ ಮ್ಯಾಲೆ ಹೆಜ್ಜಿ ಇಕ್ಕಂಡು ಬಾ.”

ಅವಳು ಮುಂದೆ, ನಾನು ಹಿಂದೆ. ನಡುಹಳ್ಳದ ಮರಳಿನಲ್ಲಿ ನನ್ನ ಕಾಲು ನಿಂತುಬಿಟ್ಟಿತು. ಮುಂದಕ್ಕೂ ಬರಲಿಲ್ಲ, ಹಿಂದಕ್ಕೂ ಬರಲಿಲ್ಲ. ಅಲ್ಲೇ ಹೇಳಿದೆ.

“ಅವತ್ತು ನಿನ್ನ ಒದ್ದೋಳು ನಾನೇ. ನೀನು ಅಂತ ಗೊತ್ತಿದ್ದೇ ಒದ್ದೆ. ಹಿಡ್ಕೊಂಡು ಕೆಳಗೆ ಎಳೀತೀಯಾ ಅಂತ.”

ಪಾಲಮ್ಮ ತಿರುಗಿದಳು. ಅವಳ ಮುಖದಲ್ಲಿ ಇದ್ದದ್ದು ಕೋಪವಲ್ಲ, ಸೋಜಿಗ.

“ನಾನ್ಯಾಕೆ ಎಳೀಲಿ?”

“ಹಿಮ್ಮಡಿ ಹಿಡ್ಕೊಂಡಿದ್ದೆಯಲ್ಲ.”

“ಅಯ್ಯೋ ನಿನ್ನ! ನಿನ್ ಕಾಲು ಗಾಳ್ಯಾಗೆ ಆಡ್ತಿತ್ತು. ಪಕ್ಕದಾಗೇ ಒಂದು ಗೂಡು ಇತ್ತು ಕಲ್ಲಾಗೆ. ಅದ್ರಾಗೆ ಕಾಲಿಡವ್ವ ಅಂತ ಬಡ್ಕಂಡ್ರೂ ನಿಂಗ್ ಕೇಳ್ಸಿಲ್ಲ. ಅದ್ಕೆ ನಾನೇ ಹಿಡಿದು ಅದ್ರಾಗೆ ಇಡಾಕೆ ಬಂದೆ. ಒದ್ದಿ ನೋಡು, ಕತ್ತೆ ಒದ್ದಂಗೆ!”

ಮೂರು ವಾರ ನಾನು ಹೆದರಿದ್ದು ಒಬ್ಬಳ ಜೀವ ಒದ್ದೆನೆಂದು. ಒದ್ದದ್ದು ಅದಕ್ಕಿಂತ ದೊಡ್ಡದನ್ನು, ನನ್ನನ್ನು ಹತ್ತಿಸಲು ಬಂದ ಕೈಯನ್ನು.

“ಮತ್ತೆ ನೀನು ಹೆಂಗೆ ಹತ್ತಾಕಿದ್ದೆ?”

“ನೀ ಹತ್ತಿದ್ಮ್ಯಾಲೆ. ಸಾಲಿನಾಗೆ ಮುಂದಿನೋಳು ನಿಂತ್ರೆ ಹಿಂದಿನೋಳು ಎಲ್ಲಿಗೆ ಹೋಗ್ತಾಳೆ?”

“ಯಾರಿಗೂ ಯಾಕೆ ಹೇಳ್ಲಿಲ್ಲ?”

“ಏನಂತ ಹೇಳ್ಲಿ? ಹೆದ್ರಿದ್ದಿ. ಹೆದ್ರಿದ್ ಎತ್ತು ಒದೀತೈತೆ. ಅದಕ್ಕಂತ ಮಾರಾಕೆ ಸಂತಿಗ್ ಹೊಡೀತಾರೇನು?” ಅವಳು ಮುಂದೆ ನಡೆದಳು. “ಬಾ, ಮೇಕೆ ಕೂಗ್ತೈತೆ.”

ಹೋದೆ. ಅವಳ ಬಿರುಕುಬಿಟ್ಟ ಹಿಮ್ಮಡಿಗಳನ್ನು ನೋಡಿಕೊಂಡು, ಅವು ಒತ್ತಿದ ಗುರುತಿನಲ್ಲೇ ಕಾಲಿಡುತ್ತ ಹೋದೆ. ಭಯ ಹೋಗಿರಲಿಲ್ಲ. ಮೋಡ ಇನ್ನೂ ಅಲ್ಲೇ ಇತ್ತು. ಗಾಳಿಗೆ ಜಾಲಿ ಮರ ಸದ್ದು ಮಾಡಿದರೂ ತಿರುಗಿ ನೋಡುತ್ತಿದ್ದೆ.

ಆಚೆ ದಡ ಎದೆಮಟ್ಟ ಎತ್ತರ, ಸಡಿಲ ಮಣ್ಣು. ಪಾಲಮ್ಮ ಬಲಗೈಯಲ್ಲಿ ಒಂದು ಬೇರು ಹಿಡಿದು ಹತ್ತತೊಡಗಿದಳು. ಎಡಗೈ ಕೊರಳಲ್ಲಿ. ಅರ್ಧದಲ್ಲಿ ಮಣ್ಣು ಕುಸಿದು ಅವಳ ಕಾಲು ಗಾಳಿಯಲ್ಲಿ ಆಡಿತು. ನಾನು ಎರಡೂ ಅಂಗೈಗಳನ್ನು ಅವಳ ಹಿಮ್ಮಡಿಯ ಕೆಳಗೆ ಒಡ್ಡಿದೆ. ಅವಳು ಪೂರ್ತಿ ಭಾರ ಬಿಟ್ಟು ನಿಂತಳು.

ಮೇಲಿನಿಂದ ಅವಳ ದನಿ ಬಂತು. “ಗಟ್ಟಿಯಾಗ್ ಹಿಡಿ ಟೀಚರಮ್ಮ. ಹೆದರ್ಬ್ಯಾಡ, ನಾನು ಒದೆಯಲ್ಲ.”